ಹಸಿವೋ, ನೋವೋ? ಆಟಿಸಂ ಇರುವ ಮಗು ತಿನ್ನುತ್ತಲೇ ಇದ್ದಾಗ, ರೇಗುತ್ತಲೇ ಇದ್ದಾಗ ದೇಹದಲ್ಲಿ ಏನೇನು ಹುಡುಕಬೇಕು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಫ್ರಿಜ್ಜಿಗೆ ಚಿಲಕ ಕೂರಿಸಿದ ಬಡಗಿ, ಕೆಲಸ ಮುಗಿಸಿ ಸಾಮಾನು ಚೀಲಕ್ಕೆ ತುಂಬುತ್ತಾ, "ಕದಿಯುವವರು ಯಾರು?" ಎಂದು ನಕ್ಕ. ಕಳ್ಳ ಅಲ್ಲೇ ಬಾಗಿಲ ಸಂದಿಯಲ್ಲಿ ಕುಳಿತು ಇಡ್ಲಿ ಹಿಟ್ಟಿನ ಪಾತ್ರೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದ. ನನ್ನ ಮಗನಿಗೆ ಆಗ ಒಂಬತ್ತು ವರ್ಷ, ಬಾಯಲ್ಲಿ ಏಳೆಂಟು ಪದ. ಐದೇ ತಿಂಗಳಲ್ಲಿ ತೂಕ 31 ಕಿಲೋದಿಂದ 38ಕ್ಕೆ ಏರಿತ್ತು. ಉಂಡು ಅರ್ಧ ಗಂಟೆಯಾಗುವಷ್ಟರಲ್ಲಿ ಕಿರುಚಾಟ, ಮುಂಗೈ ಕಚ್ಚಿಕೊಳ್ಳುವುದು, ಗೋಡೆಗೆ ತಲೆ ಬಡಿಯುವುದು. ಪಾಪ, ಹಸಿವು ತೀರಿಲ್ಲ ಎಂದುಕೊಂಡು ಮತ್ತೆ ಬಡಿಸುತ್ತಿದ್ದೆ. ತಿನ್ನುವ ಮಗುವಿನ ಕೈ ಹಿಡಿಯಬಾರದು ಎಂದು ಅತ್ತೆಯವರೂ ಹೇಳುತ್ತಿದ್ದರು. ತೋರಿಸಿದ ಇಬ್ಬರು ವೈದ್ಯರು ಹೊಟ್ಟೆ ಮುಟ್ಟಿ ನೋಡದೆಯೇ, "ಆಟಿಸಂ ಮಕ್ಕಳು ಹಾಗೆಯೇ, ತಾಯಿ" ಎಂದು ಕಳಿಸಿದ್ದರು.

ಆ ಒಂದು ಮಾತು ನಮ್ಮ ಸುಮಾರು ಒಂದು ವರ್ಷವನ್ನು ನುಂಗಿತು. ಹಲ್ಲುನೋವಿಗೆ ಅಳುವ ಮಗು ಬೇರೆ ಮನೆಯಲ್ಲಿದ್ದರೆ ದಂತವೈದ್ಯರ ಬಳಿ ಹೋಗುತ್ತದೆ, ನಮ್ಮಂಥವರ ಮನೆಯಲ್ಲಿದ್ದರೆ ಥೆರಪಿಗೆ ಹೋಗುತ್ತದೆ. ನಾನು ವೈದ್ಯೆಯಲ್ಲ, ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಔಷಧ ಹೇಳುವುದು ನನ್ನ ಕೆಲಸವಲ್ಲ. ವೈದ್ಯರ ಎದುರು ಕೂರುವಾಗ ಕೈಯಲ್ಲಿ ಏನಿರಬೇಕು, ಏನನ್ನು ಕೇಳದೆ ಎದ್ದು ಬರಬಾರದು ಎಂಬುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕೂ ಮೊದಲು: ಇಂದೇ ಹೊರಡಬೇಕಾದ ಸಂದರ್ಭಗಳು

ಮಗು ಚೆನ್ನಾಗಿ ತಿನ್ನುತ್ತಿದ್ದರೂ ಸೊರಗುತ್ತಿದೆ, ಕೊಡಗಟ್ಟಲೆ ನೀರು ಕುಡಿಯುತ್ತಿದೆ, ಮತ್ತೆ ಮತ್ತೆ ಮೂತ್ರಕ್ಕೆ ಓಡುತ್ತಿದೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದದ್ದು ಮತ್ತೆ ಶುರುವಾಗಿದೆ ಎಂದಾದರೆ ಟೈಪ್ 1 ಮಧುಮೇಹದ ಅನುಮಾನ ಪಡಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಅಂದೇ ತಿಳಿಯುತ್ತದೆ. ಇದರ ಜೊತೆಗೆ ವಾಂತಿ, ಏದುಸಿರು, ಮಂಪರು, ಬಾಯಲ್ಲಿ ಹಣ್ಣು ಕೊಳೆತಂಥ ವಾಸನೆ ಇದ್ದರೆ ಕ್ಲಿನಿಕ್ ತೆರೆಯಲಿ ಎಂದು ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.

ಬೆಳಗಿನ ಹೊತ್ತು ತಲೆ ಹಿಡಿದುಕೊಂಡು ವಾಂತಿ ಮಾಡುವುದು, ನಡಿಗೆ ಅಥವಾ ದೃಷ್ಟಿ ಬದಲಾಗುವುದು, ಎತ್ತರ ಬೆಳೆಯುವುದು ನಿಂತು ಹಸಿವು ಮಾತ್ರ ಏರುವುದು ಮಿದುಳಿನ ಸ್ಕ್ಯಾನ್ ಕೇಳುವ ಲಕ್ಷಣಗಳು. ಹಸಿವನ್ನು ಹತೋಟಿಯಲ್ಲಿಡುವ ಹೈಪೋಥಲಾಮಸ್ ಮಿದುಳಿನ ತಳದಲ್ಲಿದೆ, ಅಲ್ಲಿ ಗೆಡ್ಡೆ ಬೆಳೆದರೆ ಹೀಗಾಗಬಹುದು. ಹಸಿರು ವಾಂತಿ, ಕಲ್ಲಿನಂತೆ ಉಬ್ಬಿದ ಹೊಟ್ಟೆ, ಬಟನ್ ಬ್ಯಾಟರಿ ಅಥವಾ ಅಯಸ್ಕಾಂತ ನುಂಗಿರುವ ಅನುಮಾನಕ್ಕೂ ತಡಮಾಡುವಂತಿಲ್ಲ. ನಡವಳಿಕೆಗೆಂದು ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಜೋರು ಜ್ವರದ ಜೊತೆ ಮೈ ಸೆಟೆದುಕೊಂಡರೆ ಅದೂ ತುರ್ತು.

ಹೆಜ್ಜೆ 1: ಎರಡು ವಾರ ಬರೆದಿಡಿ, ಏನನ್ನೂ ಬದಲಿಸಬೇಡಿ

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆದರೆ ಯಾರೂ ತಿರುವಿ ನೋಡುವುದಿಲ್ಲ, ನಾನೇ ನೋಡಲಿಲ್ಲ. ಗಂಟೆ, ತಿಂದದ್ದು, ಮಲ, ನಿದ್ದೆ, ಕೂಗಾಟ ಇಷ್ಟನ್ನು ಬರೆಯಿರಿ. ‘ಹಟ ಮಾಡಿದ’ ಎಂದು ಬರೆಯಬೇಡಿ. ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಕೈ ಎಲ್ಲಿತ್ತು, ಮೈ ಹೇಗೆ ಬಾಗಿತ್ತು. ನಮ್ಮ ಪುಸ್ತಕದ ಒಂದು ಮಂಗಳವಾರ ಹೀಗಿದೆ:

"7:10 ಮೂರು ಇಡ್ಲಿ, ಹಾಲು. 7:35 ಕೂಗು, ಸೋಫಾದ ಕೈಗೆ ಹೊಟ್ಟೆ ಒತ್ತಿ ಮಲಗಿದ. 7:50 ಬಿಸ್ಕತ್ತು ಕೊಟ್ಟೆ, ತಿಂದ. 8:05 ಚಡ್ಡಿಯಲ್ಲಿ ಕಲೆ. 1:00 ಅನ್ನ ಸಾರು, ಎರಡು ಸಲ. 1:25 ಕೂಗು, ಕೈ ಕಚ್ಚಿಕೊಂಡ."

ಹನ್ನೊಂದನೆಯ ದಿನ ನಮ್ಮವರು ಪುಸ್ತಕವನ್ನು ಲೋಕಲ್ ರೈಲಿನಲ್ಲಿ ಓದಿಕೊಂಡು ಹೋಗಿದ್ದರು. ಘಾಟ್‌ಕೋಪರ್ ದಾಟುವಷ್ಟರಲ್ಲಿ ಫೋನ್ ಬಂತು: "ಇವನು ಊಟವಾದ ಮೇಲೆಯೇ ಕೂಗುತ್ತಾನಲ್ಲ. ಹಸಿದವನು ಊಟಕ್ಕೆ ಮೊದಲು ತಾನೇ ಕೂಗಬೇಕು?"

ನಾನು ಒಂದು ವರ್ಷ ಎದುರಿಗೇ ನಿಂತು ನೋಡಿದ್ದು ನನಗೆ ಕಾಣಿಸಿರಲಿಲ್ಲ. ಊಟದ ನಂತರದ ಕೂಗು ಹೊಟ್ಟೆನೋವನ್ನು ಸೂಚಿಸಬಹುದು. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ದೊಡ್ಡ ಕರುಳು ಹಿಂಡಿಕೊಳ್ಳಲು ಶುರುಮಾಡುತ್ತದೆ. ಇದು ಎಲ್ಲರ ದೇಹದಲ್ಲೂ ನಡೆಯುವಂಥದ್ದೇ. ಕರುಳಿನ ತುದಿಯಲ್ಲಿ ಗಟ್ಟಿ ಮಲ ಕುಳಿತಿದ್ದರೆ ಆ ಹಿಂಡುವಿಕೆಯೇ ನೋವು.

ಒಂದು ಮಾತು: ಕೂಗಾಟದ ಅರ್ಧ ನಿಮಿಷದ ವಿಡಿಯೊ ಕೂಡ ತೆಗೆದಿಡಿ. ಆಸ್ಪತ್ರೆಯಲ್ಲಿ ಮಗು ಬೊಂಬೆಯಂತೆ ಕುಳಿತಿರುತ್ತದೆ, ನೀವು ಹೇಳಿದ್ದೆಲ್ಲ ಸುಳ್ಳೆನ್ನುವ ಹಾಗೆ.

ಹೆಜ್ಜೆ 2: ಔಷಧದ ಡಬ್ಬಿಯನ್ನು ಮೇಜಿನ ಮೇಲೆ ಸುರಿಯಿರಿ

ಮಗುವಿನ ಹೊಟ್ಟೆಗೆ ಹೋಗುವ ಎಲ್ಲವನ್ನೂ, ಶಕ್ತಿಯ ಸಿರಪ್ಪು, ಊರಿನಿಂದ ಬಂದ ಲೇಹ್ಯ ಸಮೇತ, ಪಟ್ಟಿ ಮಾಡಿ. ಎದುರಿಗೆ ಶುರುವಾದ ತಾರೀಖು ಬರೆಯಿರಿ. ಹಸಿವು ಕೆರಳಿದ್ದು ಯಾವಾಗ ಎಂಬುದನ್ನು ಅದರ ಪಕ್ಕದಲ್ಲಿಡಿ.

ನಮ್ಮ ಪಟ್ಟಿಯಲ್ಲಿ ರಿಸ್ಪೆರಿಡೋನ್ ಇತ್ತು. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿರುವುದು ಎರಡೇ ಔಷಧಗಳಿಗೆ: 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್. ಎರಡೂ ಕೆಲಸ ಮಾಡುತ್ತವೆ, ಎರಡೂ ಹಸಿವು ಹೆಚ್ಚಿಸುತ್ತವೆ. ಮೊದಲ ಕೆಲವು ತಿಂಗಳುಗಳಲ್ಲೇ ತೂಕ ಜಿಗಿಯಬಹುದು. ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಹಾಗೆಯೇ. ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ಸಿರಪ್ಪು ಹಸಿವನ್ನೂ ಸಿಡುಕನ್ನೂ ಒಟ್ಟಿಗೆ ತರುತ್ತದೆ. ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ (ಎಡಿಎಚ್‌ಡಿ) ಕೊಡುವ ಮೀಥೈಲ್‌ಫೆನಿಡೇಟ್ ಹಗಲಿಡೀ ಹಸಿವು ಅಡಗಿಸಿ, ಸಂಜೆ ಅದರ ಪ್ರಭಾವ ಇಳಿದಾಗ ಮಗುವನ್ನು ಅಡುಗೆಮನೆಗೆ ನುಗ್ಗಿಸುತ್ತದೆ.

ಇನ್ನೊಂದು ನಮ್ಮ ದೇಶದಲ್ಲಿ ಮನೆಮನೆಯಲ್ಲೂ ಸಿಗುತ್ತದೆ: ‘ಮಗು ಸರಿಯಾಗಿ ಊಟ ಮಾಡುವುದಿಲ್ಲ’ ಎಂದರೆ ಕೊಡುವ ಸಿಪ್ರೊಹೆಪ್ಟಡೀನ್ ಸಿರಪ್ಪು. ಇದು ಅಲರ್ಜಿಯ ಔಷಧ, ಹಸಿವು ಹೆಚ್ಚಿಸುವುದು ಅದರ ಇನ್ನೊಂದು ಗುಣ. ಮೂರು ವರ್ಷದ ಹಿಂದೆ ಬರೆದುಕೊಟ್ಟಿದ್ದನ್ನು ಯಾರೂ ನಿಲ್ಲಿಸಲು ಹೇಳದೆ ಮುಂದುವರಿಸಿಕೊಂಡು ಬಂದ ಮನೆಗಳು ಇವೆ. ನಮ್ಮದೂ ಅದರಲ್ಲೊಂದು. ಸಣ್ಣವನಾಗಿದ್ದಾಗ ಊಟಕ್ಕೆ ಹಿಂದೆ ಮುಂದೆ ನೋಡುತ್ತಿದ್ದ ಎಂದು ಶುರುಮಾಡಿದ್ದು, ಆಮೇಲೆ ಆ ಬಾಟಲಿ ತಿಂಗಳ ಕಿರಾಣಿ ಸಾಮಾನಿನಂತೆ ಬರುತ್ತಲೇ ಇತ್ತು.

ಪಟ್ಟಿ ನೋಡಿ ಗಾಬರಿಯಾಗಿ ಯಾವುದನ್ನೂ ನೀವೇ ನಿಲ್ಲಿಸಬೇಡಿ. ವಾಲ್ಪ್ರೊಯೇಟ್ ತಟ್ಟನೆ ನಿಂತರೆ ಫಿಟ್ಸ್ ಬರಬಹುದು, ಬಹಳ ದಿನ ಕೊಟ್ಟ ಸ್ಟೀರಾಯ್ಡ್ ತಟ್ಟನೆ ನಿಂತರೆ ದೇಹ ಕುಸಿಯಬಹುದು, ರಿಸ್ಪೆರಿಡೋನ್ ತಟ್ಟನೆ ನಿಂತರೆ ರೇಗಾಟ ದುಪ್ಪಟ್ಟಾಗಬಹುದು. ಪ್ರಮಾಣ ಇಳಿಸಬಹುದೇ, ಬೇರೆ ಔಷಧಕ್ಕೆ ಬದಲಿಸಬಹುದೇ, ತೂಕ ತಡೆಯಲು ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಸೇರಿಸುವುದು ನಮ್ಮ ಮಗುವಿಗೆ ಹೊಂದುತ್ತದೆಯೇ ಎಂದು ಕೇಳಿ. ರಿಸ್ಪೆರಿಡೋನ್ ಗುಂಪಿನ ಮಾತ್ರೆ ಶುರುಮಾಡುವ ಮುನ್ನ, ಮೂರು ತಿಂಗಳಿಗೆ, ಆಮೇಲೆ ಆಗಾಗ ತೂಕ, ಸೊಂಟದ ಸುತ್ತಳತೆ, ಖಾಲಿಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ನೋಡಬೇಕು. ನಮಗೆ ಬರೆದುಕೊಟ್ಟವರು ಇದನ್ನು ಹೇಳಲಿಲ್ಲ. ನೀವಾಗಿಯೇ ಕೇಳಿ.

ಹೆಜ್ಜೆ 3: ನೋವನ್ನು ಬಾಯಿಯಿಂದ ಕೆಳಗೆ ಹುಡುಕುತ್ತಾ ಹೋಗಿ

ಬಾಯಿಗೆ ಟಾರ್ಚ್ ಹಾಕಿ ನೋಡಿ. ಹುಳುಕು ದವಡೆ, ಊದಿದ ವಸಡು, ಬಾಯಿಹುಣ್ಣು ಇದೆಯೇ? ಒಂದೇ ಬದಿಯಲ್ಲಿ ಅಗಿಯುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಮೆತ್ತಗಿರುವುದನ್ನೇ ಬೇಡುವುದು ಹಲ್ಲಿನ ಕಡೆಗೆ ಬೆರಳು ತೋರಿಸುತ್ತವೆ. ಕಿವಿ ಹಿಂಡಿಕೊಳ್ಳುವ, ಕಿವಿಯ ಬದಿಗೆ ತಲೆ ಬಡಿಯುವ ಮಗುವಿನ ಕಿವಿಯೊಳಗೆ ವೈದ್ಯರು ಇಣುಕಿ ನೋಡಲೇಬೇಕು.

ಎದೆಯುರಿ ತಿನ್ನುವ ಚಟದಂತೆಯೇ ಕಾಣುತ್ತದೆ. ಹುಳಿ ಮೇಲೆ ಬಂದಾಗ ಏನಾದರೂ ನುಂಗಿದರೆ, ಅದರಲ್ಲೂ ಹಾಲು ಕುಡಿದರೆ, ಒಂದು ಗಳಿಗೆ ತಂಪು. ಮಗು ಅದನ್ನು ಬೇಗ ಕಲಿಯುತ್ತದೆ. ಆಮೇಲೆ ಗಂಟೆಗೊಂದು ಸಲ ಹಾಲು, ಹಾಲಿನಿಂದ ಮತ್ತೆ ಆಮ್ಲ. ಪದೇಪದೇ ಎಂಜಲು ನುಂಗುವುದು, ತೇಗು, ಬೆನ್ನು ಹಿಂದಕ್ಕೆ ಬಿಲ್ಲಾಗಿಸುವುದು, ಎದೆ ಒತ್ತಿಕೊಳ್ಳುವುದು, ಮಲಗಿದ ಮೇಲೆ ಎದ್ದು ಅಳುವುದು ಕಂಡರೆ ಬರೆದಿಡಿ.

ಮಲಬದ್ಧತೆಯ ವಿಷಯದಲ್ಲಿ ನಾನು ಪೂರಾ ಮೋಸಹೋದೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ದಿನಾ ಹೋಗುತ್ತಾನೆ, ಅದೂ ತೆಳ್ಳಗೆ, ಹಾಗಿದ್ದ ಮೇಲೆ ಮಲಬದ್ಧತೆ ಎಲ್ಲಿಂದ ಬಂತು ಎಂದು ವಾದಿಸಿದವಳು ನಾನು. ಭೇದಿ ಎಂದುಕೊಂಡು ಸೊಪ್ಪು ತರಕಾರಿ ನಿಲ್ಲಿಸಿ ಮೊಸರನ್ನ ಕೊಟ್ಟಿದ್ದೆ. ಕೊನೆಗೆ ಮೂರನೆಯ ವೈದ್ಯೆ ಅವನನ್ನು ಮಲಗಿಸಿ, ಅಂಗೈ ಬೆಚ್ಚಗೆ ಮಾಡಿಕೊಂಡು, ಹೊಕ್ಕುಳಿನ ಎಡಕ್ಕೆ ಕೆಳಗೆ ನಿಧಾನ ಒತ್ತಿದರು. ನನ್ನ ಬೆರಳನ್ನು ಹಿಡಿದು ಅಲ್ಲೇ ಇಟ್ಟರು. ಚರ್ಮದ ಕೆಳಗೆ ನಿಂಬೆಹಣ್ಣುಗಳ ಸಾಲಿನಂತೆ ಗಟ್ಟಿ ಗಂಟುಗಳು. ಆ ಗಟ್ಟಿ ಮಲದ ಸುತ್ತಲಿಂದ ತೆಳ್ಳನೆಯದು ಸೋರಿ ಚಡ್ಡಿಗೆ ಬೀಳುತ್ತಿತ್ತು, ಅಷ್ಟೇ.

ಇದಕ್ಕೆ ಮೊದಲು ಕರುಳು ಖಾಲಿಮಾಡಬೇಕು, ಆಮೇಲೆ ತಿಂಗಳುಗಟ್ಟಲೆ ಮೆತ್ತಗೆ ಇಡಬೇಕು. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಿನಲ್ಲಿ ಕಲಸಿ ಕೊಡಲು ಹೇಳುತ್ತಾರೆ. ಪ್ರಮಾಣ ವೈದ್ಯರದ್ದು. ನಾಲ್ಕು ದಿನ ಸರಿಹೋಯಿತೆಂದು ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಊಟವಾದ ಹತ್ತು ನಿಮಿಷಕ್ಕೆ ಶೌಚಾಲಯದಲ್ಲಿ ಐದು ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲ ಕೆಳಗೆ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ. ಕಾಲು ನೇತಾಡುತ್ತಿದ್ದರೆ ಯಾರಿಗೂ ಮುಕ್ಕಲು ಬರುವುದಿಲ್ಲ.

ಜಂತುಹುಳುವನ್ನೂ ಮರೆಯಬೇಡಿ. ರಾತ್ರಿ ಗುದದ ಬಳಿ ತುರಿಸಿಕೊಂಡು ಎಚ್ಚರಾಗುತ್ತಿದ್ದರೆ ದಾರದ ಹುಳು ಇರಬಹುದು. ಆಗ ಮನೆಮಂದಿಗೆಲ್ಲ ಔಷಧ, ಎರಡು ವಾರ ಬಿಟ್ಟು ಇನ್ನೊಂದು ಸಲ. ಸರಕಾರದ ಜಂತುಹುಳು ನಿವಾರಣಾ ದಿನಗಳು ಫೆಬ್ರವರಿ 10 ಮತ್ತು ಆಗಸ್ಟ್ 10. ಆ ದಿನ ಮಗು ಶಾಲೆಗೆ ಹೋಗಿರದಿದ್ದರೆ ಮಾತ್ರೆ ತಪ್ಪಿರಬಹುದು. ಗೋಧಿ ತಿಂದರೆ ಹೊಟ್ಟೆಯುಬ್ಬರ, ಬೆಳವಣಿಗೆ ಕುಂಠಿತ ಎಂದಾದರೆ ಸೀಲಿಯಾಕ್ (ಗೋಧಿಯ ಅಂಟು ಕರುಳಿಗೆ ಒಗ್ಗದ ಕಾಯಿಲೆ) ಪರೀಕ್ಷೆ ಕೇಳಿ, ಆದರೆ ಎಲ್ಲ ಪರೀಕ್ಷೆ ಮುಗಿಯುವವರೆಗೆ ಚಪಾತಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪರೀಕ್ಷೆ ಏನನ್ನೂ ತೋರಿಸದೇ ಹೋಗಬಹುದು. ಮೈನೆರೆದ ಹುಡುಗಿಯರಲ್ಲಿ ತಿಂಗಳಿಗೊಮ್ಮೆ ರೇಗಾಟ ಏರಿಳಿಯುತ್ತಿದ್ದರೆ ಮುಟ್ಟಿನ ತಾರೀಖನ್ನು ಪಕ್ಕದಲ್ಲಿಟ್ಟು ನೋಡಿ.

ಹೆಜ್ಜೆ 4: ನಿದ್ದೆ ಮತ್ತು ಕಬ್ಬಿಣ

ನಿದ್ದೆಗೆಟ್ಟ ದೇಹ ಹೆಚ್ಚು ಹಸಿಯುತ್ತದೆ, ಹೆಚ್ಚು ಸಿಡುಕುತ್ತದೆ. ಗೊರಕೆ, ಬಾಯಿ ತೆರೆದು ಉಸಿರಾಟ, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ನಡುವೆ ಉಸಿರು ನಿಂತು ಏದುಸಿರಿನೊಂದಿಗೆ ಎಚ್ಚರಾಗುವುದು ಇದ್ದರೆ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್ ಊದಿ ಉಸಿರಿನ ದಾರಿಗೆ ಅಡ್ಡ ಕುಳಿತಿರಬಹುದು. ತೂಕ ಏರಿದಷ್ಟೂ ಈ ತೊಂದರೆ ಏರುತ್ತದೆ. ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ.

ರಾತ್ರಿಯಿಡೀ ಕಾಲು ಒದರುವ, ಸುಣ್ಣ, ಮಣ್ಣು, ಐಸ್, ಕಾಗದ ತಿನ್ನುವ ಮಗುವಿಗೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ಉಗ್ರಾಣ ಬರಿದಾಗಿರಬಹುದು. ಊಟದ ಜೊತೆ ಚಹಾ ಕೊಡುವ ಅಭ್ಯಾಸವಿದ್ದರೆ ಬಿಡಿಸಿ, ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಹಳೆಯ ಚಾಳಿನ (ವಠಾರದ) ಗೋಡೆಯ ಬಣ್ಣದ ಹಕ್ಕಳೆ ಬಾಯಿಗೆ ಹಾಕುವ ಮಗುವಾದರೆ ರಕ್ತದಲ್ಲಿ ಸೀಸದ ಪರೀಕ್ಷೆಯೂ ಬೇಕು. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೂಡ.

ಹೆಜ್ಜೆ 5: ಹಾರ್ಮೋನು, ವಂಶವಾಹಿ, ಫಿಟ್ಸ್

ಥೈರಾಯ್ಡ್ ಪರೀಕ್ಷೆಯನ್ನು ಎಲ್ಲರೂ ಬರೆಯುತ್ತಾರೆ, ಮಾಡಿಸಿ. ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು, ಮಖಮಲ್ಲಿನಂಥ ಚರ್ಮ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮಗುವನ್ನು ಬಯ್ದು ಉಜ್ಜಬೇಡಿ.

ಪ್ರಾಡರ್-ವಿಲ್ಲಿ ಸಿಂಡ್ರೋಮ್ ಅಪರೂಪ, ಸುಮಾರು 10,000ದಿಂದ 30,000 ಜನನಗಳಿಗೆ ಒಂದು. ಆದರೆ ತಪ್ಪಿಸಿಕೊಂಡರೆ ಅಪಾಯ. ಇದರ ಕಥೆ ತಲೆಕೆಳಗು: ಹುಟ್ಟಿದಾಗ ಮೈ ಬಟ್ಟೆಯಂತೆ ಜೋಲು, ಮೊಲೆ ಹೀರಲೂ ಶಕ್ತಿಯಿಲ್ಲ, ಕೆಲವು ವರ್ಷ ಕಳೆದ ಮೇಲೆ ತೀರದ ಹಸಿವು. ಗಿಡ್ಡ ದೇಹ, ಪುಟ್ಟ ಕೈಕಾಲು, ಚರ್ಮ ಕೀಳುವುದು, ನೋವು ಅಷ್ಟಾಗಿ ಗೊತ್ತಾಗದಿರುವುದು ಜೊತೆಗಿರುತ್ತವೆ. ಇಂಥ ಮಗು ಹೊಟ್ಟೆ ಒಡೆಯುವಷ್ಟು ತಿಂದು ಪ್ರಾಣಕ್ಕೇ ಕುತ್ತು ತಂದುಕೊಳ್ಳಬಹುದು, ಅಡುಗೆಮನೆಗೆ ಬೀಗ ಹಾಕುವುದು ಅಲ್ಲಿ ಚಿಕಿತ್ಸೆಯ ಭಾಗವೇ. ಕೇಳಬೇಕಾದ ಪರೀಕ್ಷೆ ಡಿಎನ್‌ಎ ಮಿಥೈಲೇಶನ್. ಮಾಮೂಲಿ ಕ್ರೋಮೋಸೋಮ್ ಪರೀಕ್ಷೆ ‘ನಾರ್ಮಲ್’ ಎಂದರೆ ಇದು ಇಲ್ಲವೆಂದು ಅರ್ಥವಲ್ಲ. 16ನೆಯ ಕ್ರೋಮೋಸೋಮಿನ ಒಂದು ತುಣುಕು ಕಳೆದುಹೋದ ಮಕ್ಕಳಲ್ಲಿ ಆಟಿಸಂ ಮತ್ತು ಬೊಜ್ಜು ಒಟ್ಟಿಗೆ ಕಾಣುತ್ತವೆ, ಅದನ್ನು ಮೈಕ್ರೋಅರೇ ಎಂಬ ವಂಶವಾಹಿ ಪರೀಕ್ಷೆ ಹಿಡಿಯುತ್ತದೆ.

ಆಟಿಸಂ ಇರುವವರಿಗೆ ಫಿಟ್ಸ್ ಬರುವ ಸಂಭವ ಇತರರಿಗಿಂತ ಹೆಚ್ಚು. ಕಾರಣವಿಲ್ಲದೆ ಕೆಲವು ಕ್ಷಣ ಶೂನ್ಯ ನೋಟ, ತುಟಿ ಚಪ್ಪರಿಸುವುದು, ಆಮೇಲೆ ಸುಸ್ತು ಅಥವಾ ರೇಗಾಟ ಕಂಡರೆ ವಿಡಿಯೊ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ಹೆಜ್ಜೆ 6: ಆಸ್ಪತ್ರೆಯ ದಿನ

ಖಾಸಗಿ ಖರ್ಚು ತೂಗದವರಿಗೆ ಪರೇಲ್‌ನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ ಮತ್ತು ಕೆಇಎಂ ಅಕ್ಕಪಕ್ಕದಲ್ಲೇ ಇವೆ, ಸಾಯನ್ ಮತ್ತು ನಾಯರ್ ಆಸ್ಪತ್ರೆಗಳಿವೆ. ಕೇಸ್ ಪೇಪರಿನ ಸಾಲಿಗೆ ಒಬ್ಬರು ಮೊದಲೇ ಹೋಗಿ ನಿಲ್ಲಿ, ಮಗುವನ್ನು ಇನ್ನೊಬ್ಬರು ಆಮೇಲೆ ಕರೆತರಲಿ. ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿ ಇದೆ, ಪ್ರಮಾಣಪತ್ರ ಜೊತೆಗಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಹೊರರೋಗಿ ಖರ್ಚು ಮತ್ತು ಥೆರಪಿಗೂ.

ಭಾಷೆಯ ಒಂದು ತೊಡಕು ನಮ್ಮಂಥವರಿಗೆ ಇದೆ. ಮಗ ಮನೆಯಲ್ಲಿ ‘ಉರಿ’ ಎನ್ನುತ್ತಾನೆ, ವೈದ್ಯರು ಹಿಂದಿಯಲ್ಲಿ ‘ದುಖ್ತಾ ಹೈ ಕ್ಯಾ’ (ನೋಯುತ್ತಿದೆಯಾ) ಎಂದು ಕೇಳುತ್ತಾರೆ, ಅವನು ಸುಮ್ಮನಿರುತ್ತಾನೆ. ಅವನು ಬಳಸುವ ಪದಗಳನ್ನು ಹಿಂದಿ ಅಥವಾ ಮರಾಠಿ ಅರ್ಥದೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ದೇಹದ ಚಿತ್ರ ಬರೆದು ನೋವಿರುವ ಕಡೆ ಬೊಟ್ಟು ಇಡುವುದನ್ನು ಮನೆಯಲ್ಲೇ ಆಟದಂತೆ ಕಲಿಸಿ. ಕನ್ನಡ ಬಿಟ್ಟುಬಿಡಿ, ಮಗುವಿಗೆ ಗೊಂದಲ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ.

ರಕ್ತ ತೆಗೆಯುವುದಾದರೆ ಎಲ್ಲ ಪರೀಕ್ಷೆಯನ್ನೂ ಒಂದೇ ಚುಚ್ಚುವಿಕೆಯಲ್ಲಿ ಮುಗಿಸಲು ಹೇಳಿ. ಚರ್ಮ ಮರಗಟ್ಟಿಸುವ ಮುಲಾಮನ್ನು ವೈದ್ಯರಿಂದ ಬರೆಸಿಕೊಂಡು ಒಂದು ಗಂಟೆ ಮುಂಚೆ ಹಚ್ಚಿದರೆ ಅರ್ಧ ಯುದ್ಧ ತಪ್ಪುತ್ತದೆ.

ಮಾರಾಟಗಾರರೂ ಸಿಗುತ್ತಾರೆ. ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವ ಕೀಲೇಶನ್‌ನಿಂದ ಅಮೆರಿಕದಲ್ಲಿ 2005ರಲ್ಲಿ ಆಟಿಸಂ ಇದ್ದ ಐದು ವರ್ಷದ ಮಗು ಸತ್ತಿದೆ. ಪರೀಕ್ಷೆಯಲ್ಲಿ ಸೀಸದ ವಿಷ ಖಚಿತವಾಗದೆ ಅದರ ಹತ್ತಿರ ಹೋಗಬೇಡಿ. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡುವಂತಿಲ್ಲ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಗೋಧಿ ಹಾಲು ಬಿಡಿಸುವ ಪಥ್ಯ ಎಲ್ಲ ಆಟಿಸಂಗೂ ಮದ್ದು ಎನ್ನಲು ಗಟ್ಟಿ ಆಧಾರವಿಲ್ಲ. ಮೊದಲೇ ನಾಲ್ಕೇ ಪದಾರ್ಥ ತಿನ್ನುವ ಮಗುವಿನಿಂದ ಎರಡನ್ನು ಕಸಿದುಕೊಂಡರೆ ಉಳಿಯುವುದೇನು?

ಹೆಜ್ಜೆ 7: ಕಾರಣ ಸಿಗುವವರೆಗೆ, ಸಿಕ್ಕ ಮೇಲೆ

ಎಲ್ಲ ಪರೀಕ್ಷೆಯೂ ಸರಿಯಿದೆ ಎಂದಾಗಬಹುದು. ಹೊಟ್ಟೆ ತುಂಬಿದ ಸುದ್ದಿಯೇ ಸರಿಯಾಗಿ ತಲುಪದ ಮಕ್ಕಳಿದ್ದಾರೆ, ಬೇಸರಕ್ಕೆ ತಿನ್ನುವವರಿದ್ದಾರೆ, ಅಗಿಯುವ ಸುಖಕ್ಕೆ ತಿನ್ನುವವರಿದ್ದಾರೆ. ಥೆರಪಿಯಲ್ಲಿ ಪ್ರತಿ ಸರಿಯುತ್ತರಕ್ಕೂ ಚಾಕೊಲೇಟ್ ಸಿಗುತ್ತಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ, ದಿನದ ಲೆಕ್ಕ ನೋಡಿ ಬೆಚ್ಚಿಬೀಳುತ್ತೀರಿ. ಪಾತ್ರೆಯನ್ನು ಊಟದ ಜಾಗಕ್ಕೆ ತರದೆ ತಟ್ಟೆಗೆ ಬಡಿಸಿ ತನ್ನಿ. ಮುಂದಿನ ತಿಂಡಿ ಯಾವಾಗ ಎಂದು ಚಿತ್ರದ ಪಟ್ಟಿ ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಚಿಲಕಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

ಮಗನಿಗೆ ಮಲ ಮೆತ್ತಗಾಗಿಸುವ ಪುಡಿ ಶುರುವಾದ ಮೂರನೆಯ ವಾರ ಊಟದ ನಂತರದ ಕೂಗು ದಿನಕ್ಕೆ ಒಂದಕ್ಕೆ ಇಳಿಯಿತು. ವೈದ್ಯೆ ಹಸಿವಿನ ಸಿರಪ್ಪು ನಿಲ್ಲಿಸಿದರು, ಹುಳುಕು ದವಡೆಯೊಂದನ್ನು ತೆಗೆಸಿದರು, ರಿಸ್ಪೆರಿಡೋನನ್ನು ಮೂರು ತಿಂಗಳಲ್ಲಿ ಹಂತಹಂತವಾಗಿ ಅರ್ಧಕ್ಕೆ ತಂದರು. ತೂಕ ಇಳಿದಿಲ್ಲ, ಏರುವುದು ನಿಂತಿದೆ; ಎತ್ತರ ಬೆಳೆಯುತ್ತಿರುವುದರಿಂದ ಸದ್ಯಕ್ಕೆ ಅಷ್ಟು ಸಾಕು ಎಂದಿದ್ದಾರೆ. ಕೈ ಕಚ್ಚಿಕೊಳ್ಳುವುದು ಲಿಫ್ಟ್ ಕೆಟ್ಟ ದಿನ, ಪಟಾಕಿಯ ದಿನ ಈಗಲೂ ಇದೆ. ಅದು ಬೇರೆ ಲೆಕ್ಕ. ಫ್ರಿಜ್ಜಿನ ಚಿಲಕವನ್ನು ಇನ್ನೂ ತೆಗೆಸಿಲ್ಲ, ಆದರೆ ಕಳೆದ ದೀಪಾವಳಿಯಿಂದ ಹಾಕುವುದನ್ನು ಮರೆಯುತ್ತಿದ್ದೇವೆ.